ಜಿಲ್ಲಾ ಪುಟ ಸೊರಗಿದರೆ ಊರಿನ ನೀರಿನ ಸುದ್ದಿ ಯಾರು ಬರೆಯುತ್ತಾರೆ?

ಕುವೆಂಪುನಗರದ ಓದುಗ

ಮೈಸೂರು, ಮಂಡ್ಯ ಕಡೆಯವರು ಇಲ್ಲಿ ಜಾಸ್ತಿ ಇದ್ದೀರಿ. ಅದಕ್ಕೇ ಈ ವಿಷಯ ಇಲ್ಲಿ ಎತ್ತುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನರಿಗೆ ವಾಂತಿಭೇದಿ ಶುರುವಾಯಿತು. ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಸಾವಾದ ಮೇಲೆ ಕ್ಯಾಮೆರಾಗಳು ಬಂದವು, ಅಧಿಕಾರಿಗಳು ಬಂದರು. ನನ್ನನ್ನು ಕಾಡುತ್ತಿರುವುದು ಅದಕ್ಕಿಂತ ಹಿಂದಿನ ದಿನಗಳು. ಒಂದು ಊರಿನ ನೀರು ಒಂದೇ ರಾತ್ರಿಯಲ್ಲಿ ಕೆಡುವುದು ಅಪರೂಪ. ಮೊದಲು ವಾಸನೆ ಬರುತ್ತದೆ. ಬಣ್ಣ ಬದಲಾಗುತ್ತದೆ. ಒಂದೆರಡು ಮಕ್ಕಳಿಗೆ ಹೊಟ್ಟೆ ಕೆಡುತ್ತದೆ. ಯಾರೋ ಪಂಚಾಯಿತಿಗೆ ಹೋಗಿ ಜಗಳ ಮಾಡುತ್ತಾರೆ. ಮೊದಲೆಲ್ಲ ಇಂಥದ್ದು ಜಿಲ್ಲಾ ಪುಟದ ಮೂಲೆಯಲ್ಲಿ ಸಿಂಗಲ್ ಕಾಲಂ ಸುದ್ದಿಯಾಗಿಯಾದರೂ ಬರುತ್ತಿತ್ತು. ಈಗ ಯಾರಾದರೂ ಸಾಯುವ ತನಕ ಬರುವುದೇ ಇಲ್ಲವೇನೋ ಅನ್ನಿಸುತ್ತಿದೆ.

ಆ ಸಣ್ಣ ಸುದ್ದಿಗೆ ಎಷ್ಟು ಬೆಲೆ ಇದೆ ನೋಡಿ. ಕಾಯಿಲೆ ಹರಡುವುದನ್ನು ಬೇಗ ಪತ್ತೆ ಮಾಡಲು ಕೇಂದ್ರ ಸರ್ಕಾರ 2004ರಲ್ಲಿ ಐಡಿಎಸ್‌ಪಿ ಎಂಬ ಯೋಜನೆ ಶುರು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ (ಪಿಎಚ್‌ಸಿ) ದೆಹಲಿವರೆಗೆ ಆಗ ವಾರವಾರ ಅಂಕಿಅಂಶ ಹೋಗುತ್ತಿದ್ದ ವ್ಯವಸ್ಥೆ ಅದು. ಅಷ್ಟಿದ್ದೂ 2008ರಲ್ಲಿ ಅದರೊಳಗೇ ಇನ್ನೊಂದು ಘಟಕ ತೆರೆದರು. ಪತ್ರಿಕೆ, ಟಿವಿ ಸುದ್ದಿಗಳನ್ನು ಗಮನಿಸುವುದೇ ಅದರ ಕೆಲಸ. ಎಲ್ಲಾದರೂ 'ಗ್ರಾಮದಲ್ಲಿ ಜ್ವರ, ಹಲವರು ಅಸ್ವಸ್ಥ' ಅಂತ ಬಂದರೆ ಆ ಜಿಲ್ಲೆಗೆ ತಿಳಿಸಿ, ನಿಜವೇ ಅಂತ ಪರಿಶೀಲಿಸುತ್ತಾರೆ. ಹೊರದೇಶದಲ್ಲೂ ಹೀಗೇ ನಡೆಯುತ್ತದೆ. 1994ರಿಂದ ಇರುವ ಪ್ರೊಮೆಡ್ ಎಂಬ ಜಾಲ 2019ರ ಡಿಸೆಂಬರ್ 30ರಂದು ವುಹಾನ್‌ನ ನ್ಯುಮೋನಿಯಾ ಬಗ್ಗೆ ಜಗತ್ತಿಗೆ ಎಚ್ಚರಿಕೆ ಕೊಟ್ಟಿತು. ಅದಕ್ಕೆ ಸುಳಿವು ಸಿಕ್ಕಿದ್ದು ಚೀನಾದ ಸುದ್ದಿ ಮತ್ತು ಜಾಲತಾಣದ ಪೋಸ್ಟುಗಳಿಂದ.

ಅಂದರೆ ಆ ಮೂಲೆಯ ಸುದ್ದಿ ಓದುಗರಿಗೆ ಮಾತ್ರ ಅಲ್ಲ, ಆರೋಗ್ಯ ಇಲಾಖೆಗೂ ಬೇಕು. ಬರೆಯುವವರು ಕಡಿಮೆಯಾದಷ್ಟೂ ಇಲಾಖೆಗೂ ಸುಳಿವು ಸಿಗುವುದು ತಡವಾಗುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಇಂಥ ಸುದ್ದಿಯನ್ನು ಈಗ ಯಾರು ಬರೆಯುತ್ತಿದ್ದಾರೆ? ಅನುಭವ ಇರುವವರು ಹೇಳಿ.

ಮದ್ದೂರಿನ ಹಳೇ ವರದಿಗಾರ

ಬಹಳ ಒಳ್ಳೆ ಪ್ರಶ್ನೆ ಸರ್. ನಾನು ಮದ್ದೂರು ಕಡೆ ಸ್ಟ್ರಿಂಗರ್ ಆಗಿದ್ದವನು. ಪತ್ರಿಕೆ ಹೆಸರು ಬೇಡ.

ಸ್ಟ್ರಿಂಗರ್ ಅಂದರೆ ಸಂಬಳದ ನೌಕರ ಅಲ್ಲ. ತಿಂಗಳಿಗೆ ಒಂದಿಷ್ಟು ಗೌರವಧನ, ಇಲ್ಲವೇ ಛಾಪಾದ ಸುದ್ದಿಗೆ ಇಷ್ಟು ಅಂತ. ಪೆಟ್ರೋಲ್ ನಮ್ಮದೇ. ಆದರೂ ಹಳ್ಳಿ ಸುದ್ದಿ ಬರುತ್ತಿತ್ತು, ಯಾಕೆಂದರೆ ಹಾಕಲು ಜಾಗ ಇತ್ತು. ಡೆಸ್ಕ್‌ನವರೇ ಸಂಜೆ ಫೋನ್ ಮಾಡಿ 'ಏನಾದ್ರೂ ಇದ್ಯಾ?' ಅಂತ ಕೇಳುತ್ತಿದ್ದರು. ಚರಂಡಿ, ನೀರಿನ ಟ್ಯಾಂಕ್, ಸೊಳ್ಳೆ ಕಾಟ ಎಲ್ಲಕ್ಕೂ ಜಾಗ ಸಿಗುತ್ತಿತ್ತು.

2020ರ ಲಾಕ್‌ಡೌನ್‌ನಲ್ಲಿ ಪತ್ರಿಕೆಯಿಂದ ವೈರಸ್ ಬರುತ್ತದೆ ಎಂಬ ಹೆದರಿಕೆಗೆ ಜನ ಪೇಪರ್ ನಿಲ್ಲಿಸಿದರು. ಅಂಗಡಿ ಮುಚ್ಚಿದ ಮೇಲೆ ಜಾಹೀರಾತೂ ನಿಂತಿತು. ಪುಟ ಇಳಿಸಿದರು. ನಾನು ಕಂಡ ಹಾಗೆ ಆಗ ಇಳಿದ ಪುಟ ಮತ್ತೆ ಮೊದಲಿನಷ್ಟು ಏರಲಿಲ್ಲ. ಆಗ ಪಕ್ಕದ ತಾಲ್ಲೂಕುಗಳನ್ನೂ ಒಬ್ಬರೇ ನೋಡಿಕೊಳ್ಳಿ ಅಂದರು. ಒಬ್ಬನೇ ಎಲ್ಲ ಕಡೆ ಹೋಗಲು ಆಗುವುದಿಲ್ಲ. ಹೀಗಾಗಿ ಪ್ರೆಸ್‌ನೋಟ್ ಬಂದದ್ದನ್ನು ತಿದ್ದಿ ಕಳಿಸುವುದೇ ಕೆಲಸವಾಯಿತು. ಪ್ರೆಸ್‌ನೋಟ್ ಕಳಿಸುವವರು ಯಾರು? ಇಲಾಖೆಯವರು, ಪಕ್ಷದವರು, ಆಸ್ಪತ್ರೆಯವರು. ನೀರು ಕೆಟ್ಟ ಊರಿನವರು ಪ್ರೆಸ್‌ನೋಟ್ ಕಳಿಸುವುದಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಜಾಹೀರಾತಿನ ಟಾರ್ಗೆಟ್. ಸ್ವಾತಂತ್ರ್ಯ ದಿನ, ದಸರಾ, ರಾಜ್ಯೋತ್ಸವಕ್ಕೆ ವಿಶೇಷ ಪುರವಣಿ ಬರುತ್ತದಲ್ಲ, ಅದಕ್ಕೆ ಜಾಹೀರಾತು ತರಬೇಕಾದವರು ನಾವೇ. ಯಾರ ಹತ್ತಿರ ಹೋಗಬೇಕು? ಪಂಚಾಯಿತಿ ಪಿಡಿಒ, ಕಂಟ್ರಾಕ್ಟರ್, ನರ್ಸಿಂಗ್ ಹೋಂ, ಕ್ರಷರ್ ಮಾಲೀಕರು. ಇವತ್ತು ಅವರ ಮುಂದೆ ಕೂತು 'ಅರ್ಧ ಪುಟ ಕೊಡಿ ಸಾರ್' ಅಂದವನು, ಮುಂದಿನ ವಾರ ಅವರ ಟ್ಯಾಂಕ್ ತೊಳೆದಿಲ್ಲ ಅಂತ ಬರೆಯಲು ಹೇಗೆ ಸಾಧ್ಯ? ಒಂದು ಖಾಸಗಿ ಆಸ್ಪತ್ರೆಯ ತ್ಯಾಜ್ಯ ನಾಲೆ ಪಕ್ಕ ಬಿದ್ದದ್ದನ್ನು ಫೋಟೊ ಸಮೇತ ಕಳಿಸಿದ್ದೆ. ಸೂಜಿ, ರಕ್ತದ ಬ್ಯಾಂಡೇಜ್ ಎಲ್ಲ ಇತ್ತು. ಅದು ಬರಲೇ ಇಲ್ಲ. ಯಾಕೆ ಅಂತ ಕೇಳಿದರೆ 'ಅವರು ನಮಗೆ ಬೇಕಾದವರು' ಅಂದರು. ನಾನು ಈ ಕೆಲಸ ಬಿಡಲು ಅದೂ ಒಂದು ಕಾರಣ.

ವಿದ್ಯಾರಣ್ಯಪುರಂ ನಿವಾಸಿ

ಹಿಂದೆ ಎಲ್ಲ ಸರಿಯಿತ್ತು ಅನ್ನೋ ಮಾತಿಗೆ ನನ್ನ ಒಪ್ಪಿಗೆ ಇಲ್ಲ. 2015ರಲ್ಲಿ, ಮತ್ತೆ 2016ರಲ್ಲಿ ಮೈಸೂರು ದೇಶದಲ್ಲೇ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಪಡೆಯಿತು. ಎಲ್ಲ ಪತ್ರಿಕೆಗಳೂ ಮುಖಪುಟದಲ್ಲಿ ಹಾಕಿದವು. ನಮಗೂ ಹೆಮ್ಮೆಯೇ. ಆದರೆ ಅದೇ ಕಾಲದಲ್ಲಿ ನಮ್ಮ ಸೂಯೇಜ್ ಫಾರಂನಲ್ಲಿ ಊರಿನ ಕಸ ಗುಡ್ಡವಾಗಿ ಬೆಳೆಯುತ್ತಿತ್ತು. ಗಾಳಿ ಈ ಕಡೆ ಬೀಸಿದರೆ ಸಂಜೆ ಕಿಟಕಿ ತೆಗೆಯುವಂತಿರಲಿಲ್ಲ. ಬೆಂಕಿ ಬಿದ್ದಾಗ ಹೊಗೆ. ಆ ಹೊಗೆಯಲ್ಲಿ ಪ್ಲಾಸ್ಟಿಕ್ ಸುಡುತ್ತದೆ, ಅದು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಅಂತ ಯಾವ ಪತ್ರಿಕೆಯೂ ಒಬ್ಬ ವೈದ್ಯರನ್ನು ಕೇಳಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. 'ನಿವಾಸಿಗಳ ಪ್ರತಿಭಟನೆ' ಅಂತ ಒಂದು ಫೋಟೊ ಬರುತ್ತಿತ್ತು, ಅಷ್ಟೇ.

ಮರದ ವಿಷಯ ನೋಡಿ. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯಲ್ಲಿ 40 ಮರ ಕಡಿದಾಗ ಇಡೀ ಮೈಸೂರು ಎದ್ದು ನಿಂತಿತು. ಅದು ಆಗಬೇಕಾದದ್ದೇ. ಆದರೆ ಮರ ಬಿದ್ದರೆ ಕಣ್ಣಿಗೆ ಕಾಣುತ್ತದೆ, ಫೋಟೊ ತೆಗೆಯಬಹುದು. ಅಂತರ್ಜಲಕ್ಕೆ ಇಳಿಯುವ ಕೊಳಕು ಕಾಣುವುದಿಲ್ಲ.

ಕುವೆಂಪುನಗರದ ಓದುಗ

@ವಿದ್ಯಾರಣ್ಯಪುರಂ ನಿವಾಸಿ, ನಿಮ್ಮ ಮಾತು ಸರಿ. ಆದರೂ ಒಂದು ವ್ಯತ್ಯಾಸ ಇದೆ ಅನ್ನಿಸುತ್ತದೆ. ಆ ಪ್ರತಿಭಟನೆಯ ಫೋಟೊಗಳೇ ಮುಂದೆ ದಾಖಲೆ ಆಗುತ್ತವೆ. ನಾಳೆ ಹಸಿರು ನ್ಯಾಯಮಂಡಳಿಗೆ ಹೋದರೆ 'ಇಂಥ ವರ್ಷದಿಂದ ದೂರು ಇದೆ' ಅಂತ ತೋರಿಸಲು ಪತ್ರಿಕೆಯ ಕಟಿಂಗ್ ಬೇಕು. ವಾಟ್ಸ್ಯಾಪ್ ಗ್ರೂಪಿನಲ್ಲಿ ಬಂದ ವಿಡಿಯೊವನ್ನು ಐದು ವರ್ಷ ಬಿಟ್ಟು ಎಲ್ಲಿ ಹುಡುಕುವುದು?

ಮೈಸೂರಿಗೆ ಇನ್ನೂ ಸ್ವಲ್ಪ ಪುಣ್ಯ ಇದೆ. 1972ರ 'ಆಂದೋಲನ', 1978ರ 'ಸ್ಟಾರ್ ಆಫ್ ಮೈಸೂರ್' ಥರದ ಊರಿನದೇ ಪತ್ರಿಕೆಗಳು ಇಲ್ಲಿ ಬೇರು ಬಿಟ್ಟಿವೆ. ಬೆಂಗಳೂರಿನಲ್ಲಿ ಕೂತು ಪುಟ ಕಟ್ಟುವವರಿಗೆ ಲಿಂಗಾಂಬುಧಿ ಕೆರೆ ಎಲ್ಲಿದೆ ಅಂತ ಹೇಳಿಕೊಡಬೇಕಾಗುತ್ತದೆ, ಇವರಿಗೆ ಬೇಕಾಗಿಲ್ಲ.

ಪಾಂಡವಪುರದ ರೈತ

ನಮ್ಮ ಕಡೆ ಬೇಬಿ ಬೆಟ್ಟದ ಕಲ್ಲು ಗಣಿ ವಿಷಯ ಎಲ್ಲರಿಗೂ ಗೊತ್ತು. 2018ರಲ್ಲಿ ಭಾರಿ ಶಬ್ದ ಕೇಳಿಸಿದ ಮೇಲೆ ಕೆಆರ್‌ಎಸ್ ಅಣೆಕಟ್ಟಿಗೆ ಅಪಾಯ ಅಂತ ಚರ್ಚೆ ಜೋರಾಯಿತು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂತ ತಡೆ ಹಾಕಿತು. ಅಲ್ಲಿವರೆಗೆ ಸುದ್ದಿ ಬಂದಿದ್ದೆಲ್ಲ ಅಣೆಕಟ್ಟಿನದು. ಅಣೆಕಟ್ಟು ದೊಡ್ಡದು, ಮೈಸೂರು, ಬೆಂಗಳೂರಿನ ಕುಡಿಯುವ ನೀರಿಗೂ ಕಾವೇರಿಯೇ ದಿಕ್ಕು. ಅದಕ್ಕೆ ಬರೆದರು. ಬರೆದದ್ದಕ್ಕೆ ಋಣಿ.

ಆದರೆ ಧೂಳಿನ ಬಗ್ಗೆ ಬರೆದವರು ಕಡಿಮೆ. ಕ್ರಷರ್ ಪಕ್ಕದ ಹೊಲದಲ್ಲಿ ರಾಗಿ ತೆನೆ ಮೇಲೆ ಬಿಳಿ ಪುಡಿ ಕೂರುತ್ತದೆ. ಅಲ್ಲಿ ಕಲ್ಲು ಒಡೆಯುವವರು ಅದನ್ನೇ ದಿನವಿಡೀ ಉಸಿರಾಡುತ್ತಾರೆ. ಕೆಮ್ಮು ಬಂದರೆ ಟಿಬಿ ಅಂತ ಮಾತ್ರೆ ಕೊಡುತ್ತಾರೆ. ಅದು ಟಿಬಿಯೋ, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ಸೋ ಅಂತ ಯಾರು ನೋಡುತ್ತಾರೆ? ಅಣೆಕಟ್ಟಿನ ಸುದ್ದಿಯ ಜೊತೆಗೇ ಈ ಜನರ ಎದೆಯ ಸುದ್ದಿಯೂ ಬರಬೇಕಿತ್ತು.

ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್

ರೈತರ ಮಾತು ನಿಜ. ಸಿಲಿಕೋಸಿಸ್ ಮತ್ತು ಟಿಬಿ ಎಕ್ಸ್‌ರೇಯಲ್ಲಿ ಗೊಂದಲ ಆಗುವುದು ಬಹಳ ಸಾಮಾನ್ಯ. ಎರಡೂ ಒಟ್ಟಿಗೇ ಇರುವುದೂ ಉಂಟು. ಸಿಲಿಕೋಸಿಸ್ ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ, ಧೂಳಿನಿಂದ ದೂರ ಇಡುವುದೇ ದಾರಿ. ರೋಗಿ ಏನು ಕೆಲಸ ಮಾಡುತ್ತಾರೆ ಅಂತ ವೈದ್ಯರು ಕೇಳಬೇಕು. ಪತ್ರಿಕೆಯವರು ಒಮ್ಮೆ ಬರೆದಿದ್ದರೆ ಬಹಳ ವೈದ್ಯರು ಕೇಳುತ್ತಿದ್ದರು.

ನನ್ನ ಸರ್ವಿಸ್‌ನಲ್ಲಿ ಕಂಡದ್ದು ಹೇಳುತ್ತೇನೆ. ಬೆಳಿಗ್ಗೆ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಮೇಜಿನ ಮೇಲೆ ಪೇಪರ್ ಕಟಿಂಗ್ ಇದ್ದರೆ ಹತ್ತು ಗಂಟೆಗೆ ನಮಗೆ ಫೋನ್. ಮಧ್ಯಾಹ್ನದೊಳಗೆ ಬ್ಲೀಚಿಂಗ್ ಪೌಡರ್ ಜೊತೆ ಆ ಊರಲ್ಲಿ ಇರಬೇಕು. ಅದೇ ವಿಷಯವನ್ನು ಆಶಾ ಕಾರ್ಯಕರ್ತೆ ಹೇಳಿದ್ದರೆ ಅಷ್ಟು ಬೇಗ ಗಾಡಿ ಹೊರಡುತ್ತಿರಲಿಲ್ಲ. ಇದು ಬೇಸರದ ಸಂಗತಿ, ಆದರೆ ಹಾಗೇ ಇತ್ತು. ಇನ್ನೊಂದು ವಿಷಯ. 'ನಿಮ್ಮ ವ್ಯಾಪ್ತಿಯಲ್ಲಿ ಕೇಸ್ ಯಾಕೆ ಜಾಸ್ತಿ?' ಅಂತ ಮೇಲಿನವರು ಬೈಯುತ್ತಾರೆ ಅಂದಾಗ ಕೆಳಗಿನವರು ಸಂಖ್ಯೆ ಕಡಿಮೆ ಬರೆಯುವ ಆಸೆಗೆ ಬೀಳುತ್ತಾರೆ. ಹೊರಗಿನವರು ಒಬ್ಬರು ಎಣಿಸುತ್ತಿದ್ದಾರೆ ಎಂಬ ಭಯ ಇದ್ದರೆ ಆ ಆಸೆ ಅಡಗುತ್ತದೆ. 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆ ಆದಾಗ ಸತ್ತವರು 24 ಜನ, ಕೊರತೆಯಿಂದ ಸತ್ತವರು ಮೂವರೇ ಅಂತ ಸರ್ಕಾರದ ಕಡೆಯಿಂದ ಮೊದಲು ಹೇಳಿಕೆ ಬಂತು. ಇಂಥ ಕಡೆ ಮನೆಮನೆಗೆ ಹೋಗಿ ಕೇಳುವ ವರದಿಗಾರ ಬೇಕೇ ಬೇಕು.

ಹನೂರು ತಾಲ್ಲೂಕಿನ ಸುಳ್ವಾಡಿಯನ್ನು ಮರೆಯಬೇಡಿ. 2018ರ ಡಿಸೆಂಬರ್ 14ರಂದು ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ತೀರಿಹೋದರು. ನೂರಕ್ಕೂ ಹೆಚ್ಚು ಜನರನ್ನು ಮೈಸೂರಿನ ಕೆ.ಆರ್. ಆಸ್ಪತ್ರೆ ಮತ್ತು ಖಾಸಗಿ ಆಸ್ಪತ್ರೆಗಳಿಗೆ ತಂದು ಸೇರಿಸಿದರು. ಬೆರೆಸಿದ್ದು ಹೊಲಕ್ಕೆ ಹೊಡೆಯುತ್ತಿದ್ದ ಮಾನೋಕ್ರೋಟೊಫಾಸ್ ಎಂಬ ಕೀಟನಾಶಕ. ಯಾರು ಬೆರೆಸಿದರು, ಯಾಕೆ ಬೆರೆಸಿದರು ಅನ್ನುವುದು ವಾರಗಟ್ಟಲೆ ಟಿವಿಯಲ್ಲಿ ಬಂತು. ಅಷ್ಟು ಘೋರ ವಿಷ ಕೈಗೆ ಅಷ್ಟು ಸುಲಭವಾಗಿ ಹೇಗೆ ಸಿಗುತ್ತದೆ, ಬದುಕಿ ಉಳಿದವರ ನರಕ್ಕೆ, ಕಣ್ಣಿಗೆ ಏನಾಗಿದೆ ಎಂಬುದು ಅದರ ಕಾಲು ಭಾಗವೂ ಬರಲಿಲ್ಲ. 2025ರ ಜೂನ್‌ನಲ್ಲಿ ಅದೇ ಹನೂರು ಸೀಮೆಯ ಮಲೆ ಮಹದೇಶ್ವರ ಕಾಡಿನಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷ ಹಾಕಿದ ಹಸು ತಿಂದು ಸತ್ತವು. ಎರಡನ್ನೂ ಜೊತೆಗಿಟ್ಟು ವಿಷದ ಮಾರಾಟದ ಬಗ್ಗೆ ಬರೆಯಲು ತಿಂಗಳುಗಟ್ಟಲೆ ಒಂದೇ ವಿಷಯದ ಹಿಂದೆ ಬೀಳುವ ವರದಿಗಾರ ಬೇಕು. ಅಂಥವರಿಗೆ ಸಂಬಳ ಕೊಡುವವರು ಈಗ ಎಷ್ಟು ಮಂದಿ?

ಮಂಡ್ಯ ಯೂಟ್ಯೂಬ್ ಹುಡುಗ

ಎಲ್ಲರೂ ಪತ್ರಿಕೆ ಬಗ್ಗೆಯೇ ಹೇಳುತ್ತಿದ್ದೀರಿ. ನಮ್ಮ ಕಡೆಯಿಂದಲೂ ಸ್ವಲ್ಪ ಕೇಳಿ. 2016ರಲ್ಲಿ ಡೇಟಾ ಅಗ್ಗವಾದ ಮೇಲೆ ಹಳ್ಳಿಯಲ್ಲೂ ಸುದ್ದಿ ಫೋನ್‌ಗೇ ಬರುತ್ತಿದೆ. ನಾನು ಒಂದು ಸಣ್ಣ ಚಾನೆಲ್ ನಡೆಸುತ್ತೇನೆ. ನಾಲೆಯಲ್ಲಿ ಸತ್ತ ಮೀನು ತೇಲುತ್ತಿವೆ ಅಂತ ಫೋನ್ ಬಂದರೆ ಅರ್ಧ ಗಂಟೆಯಲ್ಲಿ ಲೈವ್ ಮಾಡಬಲ್ಲೆ. ಇದು ಯಾವ ಪತ್ರಿಕೆಗೂ ಆಗುವುದಿಲ್ಲ. ಜನ ನನಗೆ ನೇರ ಫೋನ್ ಮಾಡುತ್ತಾರೆ, ಅದು ನನಗೆ ದೊಡ್ಡ ವಿಷಯ.

ಆದರೆ ಕಷ್ಟ ಏನು ಅಂತಲೂ ಹೇಳುತ್ತೇನೆ. ಮೀನು ಯಾಕೆ ಸತ್ತವು ಅಂತ ಹೇಳಲು ನೀರಿನ ಪರೀಕ್ಷೆ ಬೇಕು. ವರದಿ ಬರುವ ಹೊತ್ತಿಗೆ ನೋಡುವವರು ಬೇರೆ ಕಡೆ ಹೋಗಿರುತ್ತಾರೆ. ಚಿರತೆ ಬಂತು ಅಂದರೆ ವಿಡಿಯೊ ಓಡುತ್ತದೆ. ಪರೀಕ್ಷಾ ವರದಿ ಬಂತು ಅಂದರೆ ಓಡುವುದಿಲ್ಲ. ನನ್ನ ದುಡಿಮೆ ವ್ಯೂಸ್ ಮೇಲೆ ನಿಂತಿದೆ. ಜೊತೆಗೆ ವಕೀಲರ ನೋಟಿಸ್ ಬಂದರೆ ನನ್ನ ಹಿಂದೆ ಸಂಸ್ಥೆ ಇಲ್ಲ, ಸಂಪಾದಕರಿಲ್ಲ. ಒಂದು ಕಾರ್ಖಾನೆಯವರಿಂದ ಬಂದಿತ್ತು, ಮನೆಯವರು ಹೆದರಿ ವಿಡಿಯೊ ತೆಗೆಸಿದರು.

ನಮ್ಮ ಜಿಲ್ಲೆಗೆ ಕೆಟ್ಟ ಹೆಸರು ತಂದ ಭ್ರೂಣಹತ್ಯೆ ಪ್ರಕರಣವನ್ನೇ ನೋಡಿ. ಕಬ್ಬಿನ ಗದ್ದೆ ನಡುವಿನ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಗಂಡೋ ಹೆಣ್ಣೋ ಅಂತ ಹೇಳುತ್ತಿದ್ದರು. 2023ರಲ್ಲಿ ಅದನ್ನು ಬಯಲಿಗೆ ತಂದದ್ದು ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು. ನಮ್ಮ ಜಿಲ್ಲೆಯ ಪತ್ರಿಕೆಯಲ್ಲ, ನಮ್ಮ ಚಾನೆಲ್‌ಗಳೂ ಅಲ್ಲ. ಭ್ರೂಣಲಿಂಗ ಪತ್ತೆ ನಿಷೇಧದ ಕಾನೂನು 1994ರಿಂದ ಇದೆ. ಸುತ್ತಮುತ್ತ ಒಬ್ಬರಿಗಾದರೂ ಗೊತ್ತಿರಲೇಬೇಕು. ಆದರೆ ಊರವರು ನಂಬಿ ಹೇಳುವಂಥ, ಹೇಳಿದವರ ಹೆಸರು ಕಾಪಾಡುವಂಥ ವರದಿಗಾರ ಹತ್ತಿರದಲ್ಲಿ ಇರಲಿಲ್ಲ. ಅಣ್ಣ @ಮದ್ದೂರಿನ ಹಳೇ ವರದಿಗಾರ, ನಿಮ್ಮಂಥವರು ಕೆಲಸ ಬಿಟ್ಟಿದ್ದರ ನಷ್ಟ ಇದು.

ಮದ್ದೂರಿನ ಹಳೇ ವರದಿಗಾರ

ತಮ್ಮ, ನಿನ್ನ ಮಾತು ಮನಸ್ಸಿಗೆ ತಟ್ಟಿತು. ಇಂಥ ಸುದ್ದಿ ಸಿಗುವುದು ಟೀ ಅಂಗಡಿಯಲ್ಲಿ, ಹಾಲಿನ ಡೈರಿ ಮುಂದೆ. ಸುಮ್ನೆ ಕೂತು ಕೇಳಿಸಿಕೊಳ್ಳಬೇಕು. ಒಂದೇ ಊರಿಗೆ ಮತ್ತೆ ಮತ್ತೆ ಹೋದರೆ ಮಾತ್ರ ಜನ ಬಾಯಿ ಬಿಡುತ್ತಾರೆ. ಸುಮ್ಮನೆ ಕೂರುವ ಆ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ, ಅದೇ ಸಮಸ್ಯೆ.

ಗಂಗೋತ್ರಿ ವಿದ್ಯಾರ್ಥಿನಿ

ನಾನು ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ನಮ್ಮ ಕ್ಲಾಸಿನಲ್ಲಿ ಆರೋಗ್ಯ, ಪರಿಸರದ ಬಗ್ಗೆ ಬರೆಯಬೇಕು ಅನ್ನುವವರು ಇದ್ದಾರೆ. ಆದರೆ ಕೆಲಸ ಇರುವುದು ವೆಬ್ ಡೆಸ್ಕ್‌ನಲ್ಲಿ. ಕೂತ ಜಾಗದಿಂದ ಏಳದೆ ದಿನಕ್ಕೆ ಇಷ್ಟು ಕಾಪಿ ಹಾಕಬೇಕು. 'ಈ ಎಲೆ ತಿಂದರೆ ಶುಗರ್ ಮಾಯ' ಎಂಬಂಥ ಬರಹಕ್ಕೆ ಕ್ಲಿಕ್ ಬರುತ್ತದೆ ಅಂತ ಅದನ್ನೇ ಬರೆಸುತ್ತಾರೆ. ಇಂಟರ್ನ್‌ಶಿಪ್‌ಗೆ ಹೋಗಿದ್ದ ಕಡೆ ನನಗೂ ಹೇಳಿದರು, ಆಗುವುದಿಲ್ಲ ಅಂದೆ.

ಇಲ್ಲಿ ಒಂದು ಕಾನೂನು ನೆನಪಿಸಬೇಕು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಪ್ರಕಾರ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಥರದ ಹಲವು ರೋಗಗಳನ್ನು ವಾಸಿ ಮಾಡುತ್ತೇವೆ ಅಂತ ಔಷಧದ ಜಾಹೀರಾತು ಕೊಡುವುದೇ ಅಪರಾಧ. ಕೊಟ್ಟವರು ಮಾತ್ರ ಅಲ್ಲ, ಅದರ ಪ್ರಕಟಣೆಯಲ್ಲಿ ಪಾಲು ತೆಗೆದುಕೊಂಡವರೂ ಕಾಯ್ದೆಗೆ ಒಳಪಡುತ್ತಾರೆ. ಆದರೂ ಇಂಥ ಜಾಹೀರಾತು ಕಾಣುತ್ತಲೇ ಇರುತ್ತೇವೆ. ಆದಾಯ ಕುಸಿದ ಪತ್ರಿಕೆ, ಚಾನೆಲ್‌ಗಳಿಗೆ ಬೇಡ ಅನ್ನುವ ಶಕ್ತಿ ಕಡಿಮೆಯಾಗಿದೆ. ನಮ್ಮ ಅಜ್ಜಿಯ ವಯಸ್ಸಿನವರು ಟಿವಿಯಲ್ಲಿ ಬಂತು ಅಂದರೆ ನಂಬಿಬಿಡುತ್ತಾರೆ, ಇನ್ಸುಲಿನ್ ನಿಲ್ಲಿಸಿಬಿಡುತ್ತಾರೆ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ದೊಡ್ಡ ಕಾರ್ಖಾನೆ, ಗಣಿ ಬರುವ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಅದರ ಪ್ರಕಟಣೆ ಒಂದು ರಾಷ್ಟ್ರೀಯ ಪತ್ರಿಕೆ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಬರಬೇಕು. ಜನರಿಗೆ ಕನಿಷ್ಠ 30 ದಿನ ಸಮಯ ಕೊಡಬೇಕು. ಅಂದರೆ ಊರವರಿಗೆ ವಿಷಯ ಮುಟ್ಟಿಸಲು ಕಾನೂನೇ ಪತ್ರಿಕೆಯನ್ನು ನಂಬಿದೆ. ಈಗ ಹಳ್ಳಿಯಲ್ಲಿ ಪತ್ರಿಕೆ ತರಿಸುವವರೇ ಕಡಿಮೆ. ಸಣ್ಣ ಅಕ್ಷರದ ಪ್ರಕಟಣೆ ಬಂದು ಹೋದದ್ದು ಯಾರಿಗೂ ತಿಳಿಯುವುದಿಲ್ಲ. ಮೊದಲಾದರೆ ವರದಿಗಾರರು ಅದನ್ನು ನೋಡಿ 'ಇಂಥ ಊರಲ್ಲಿ ಇಂಥ ದಿನ ಸಭೆ' ಅಂತ ಸುದ್ದಿ ಮಾಡುತ್ತಿದ್ದರು.

ಪಾಂಡವಪುರದ ರೈತ

ಇದು ಬಹಳ ಮುಖ್ಯ ಕಣಮ್ಮ. ನಮ್ಮೂರಲ್ಲಿ ಪೇಪರ್ ಬರುವುದು ಹೋಟ್ಲಿಗೆ ಮತ್ತು ಡೈರಿಗೆ ಮಾತ್ರ. ಕೇಸರಿಬಾತ್ ಕಟ್ಟಿಕೊಡಲು ಮಧ್ಯಾಹ್ನ ಅದೂ ಹರಿದು ಹೋಗಿರುತ್ತದೆ. ಈ ಪ್ರಕಟಣೆಗಳನ್ನು ಯಾರಾದರೂ ಒಂದು ಕಡೆ ಹಾಕುತ್ತಾ ಬಂದರೆ ನಾವು ಗ್ರೂಪುಗಳಲ್ಲಿ ಹಂಚುತ್ತೇವೆ.

ಗಂಗೋತ್ರಿ ವಿದ್ಯಾರ್ಥಿನಿ

ನಾನು ಮಾಡುತ್ತೇನೆ ಅಣ್ಣ. ಲೈಬ್ರರಿಗೆ ಪತ್ರಿಕೆಗಳು ಬರುತ್ತವೆ. ಮೈಸೂರು, ಮಂಡ್ಯ, ಚಾಮರಾಜನಗರದ ಪ್ರಕಟಣೆ ಕಂಡರೆ ಫೋಟೊ ತೆಗೆದು, ಊರು ಮತ್ತು ಸಭೆಯ ದಿನಾಂಕ ದೊಡ್ಡದಾಗಿ ಬರೆದು ಇಲ್ಲಿ ಹಾಕುತ್ತೇನೆ. ಸ್ನೇಹಿತೆಯರನ್ನೂ ಸೇರಿಸಿಕೊಳ್ಳುತ್ತೇನೆ. ನಮ್ಮ ಪರೀಕ್ಷೆ ಇರುವಾಗ ಬೇರೆ ಯಾರಾದರೂ ನೋಡಿಕೊಳ್ಳಬೇಕು.

ಮಂಡ್ಯ ಯೂಟ್ಯೂಬ್ ಹುಡುಗ

ನಾನು ವಿಡಿಯೊ ಮಾಡಿ ಹಾಕುತ್ತೇನೆ, ವ್ಯೂಸ್ ಬರದಿದ್ದರೂ ಪರವಾಗಿಲ್ಲ. @ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್ ಸಾರ್, ನೀರಿನ ವಿಷಯಕ್ಕೆ ಊರಿಗೆ ಹೋದಾಗ ನಾನು ಏನೇನು ಕೇಳಬೇಕು? 'ನೀರು ಕೆಟ್ಟಿದೆ' ಅಂತ ಬರೀ ಕೂಗಾಡಿದರೆ ಪಿಡಿಒ ಅಲ್ಲಗಳೆಯುತ್ತಾರೆ.

ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್

ಮೊದಲು ವಾಟರ್‌ಮ್ಯಾನ್ ಹತ್ತಿರ ಹೋಗು. ಅವರಿಗೆ ಎಲ್ಲ ಗೊತ್ತಿರುತ್ತದೆ. ಬೆದರಿಸಬೇಡ, ಕ್ಯಾಮೆರಾ ಮುಖಕ್ಕೆ ಹಿಡಿಯಬೇಡ, ಅವರ ಸಂಬಳವೇ ಎಷ್ಟೋ ತಿಂಗಳು ಬಾಕಿ ಇರುತ್ತದೆ. ಟ್ಯಾಂಕ್ ಕೊನೆಯದಾಗಿ ಯಾವಾಗ ತೊಳೆದರು, ಕ್ಲೋರಿನ್ ಯಾವಾಗ ಹಾಕಿದರು ಅಂತ ಕೇಳು. ಟ್ಯಾಂಕ್ ಮೇಲೆ ತೊಳೆದ ದಿನಾಂಕ ಬರೆದಿದೆಯಾ ನೋಡು. ಪೈಪ್ ಎಲ್ಲಿ ಚರಂಡಿಯೊಳಗೆ ಹಾದು ಹೋಗಿದೆ ಅಂತ ತೋರಿಸಿಕೊಡಲು ಹೇಳು. ಬಹಳ ಸಲ ತೊಂದರೆ ಇರುವುದು ಅಲ್ಲೇ. ನೀರು ಬಿಡದ ಹೊತ್ತಿನಲ್ಲಿ ಒಡೆದ ಪೈಪು ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ.

ಕೊನೇ ಮನೆಯ ನಲ್ಲಿ ನೀರಲ್ಲಿ ಕ್ಲೋರಿನ್ ಇದೆಯಾ ಅಂತ ನೋಡಬೇಕು. ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನಮ್ಮ ಇಲಾಖೆಯವರು ಕ್ಲೋರೋಸ್ಕೋಪ್‌ನಲ್ಲಿ ನೋಡುತ್ತಾರೆ, ಹನಿ ಹಾಕಿದರೆ ನೀರು ಹಳದಿ ಆಗುತ್ತದೆ. ಎಚ್‌ಟುಎಸ್ ಬಾಟ್ಲಿ ಅಂತ ಇನ್ನೊಂದಿದೆ. ಅದರಲ್ಲಿ ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಟ್ಟಾಗ ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಸೇರಿರುವ ಸಾಧ್ಯತೆ ಇದೆ ಅಂತ ಅರ್ಥ. ಅದು ಸುಳಿವು ಮಾತ್ರ, ಲ್ಯಾಬ್ ವರದಿ ಬೇರೆ ಬೇಕು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ ಬಳಸಿ ಪರೀಕ್ಷೆ ಮಾಡುವ ತರಬೇತಿ ಕೊಡಬೇಕು ಅಂತ ಇದೆ. ನಿಮ್ಮೂರಲ್ಲಿ ಆ ಐವರು ಯಾರು ಅಂತ ಕೇಳು. ಅವರನ್ನೇ ಮಾತಾಡಿಸು, ಊರವರ ಮಾತಿಗೆ ತೂಕ ಜಾಸ್ತಿ.

ಕಾಯಿಲೆ ಬಿದ್ದವರ ಹೆಸರು, ಮುಖ ತೋರಿಸಬೇಡ. ಎಷ್ಟು ಮನೆ, ಯಾವ ಬೀದಿ, ಯಾವ ದಿನದಿಂದ ಅಂತ ಬರೆದುಕೊಂಡರೆ ಸಾಕು. ಒಂದೇ ಬೀದಿಯಲ್ಲಿ ಜಾಸ್ತಿ ಇದ್ದರೆ ಆ ಬೀದಿಯ ಪೈಪನ್ನೇ ಹುಡುಕಬೇಕು. ಬರೆದುಕೊಂಡದ್ದನ್ನು ವಿಡಿಯೊ ಹಾಕುವ ಮುಂಚೆಯೇ ತಾಲ್ಲೂಕು ಆರೋಗ್ಯಾಧಿಕಾರಿಗೆ (ಟಿಎಚ್‌ಒ) ಫೋನ್ ಮಾಡಿ ಹೇಳು. ಜನ ಅಲ್ಲಿವರೆಗೆ ಕುದಿಸಿದ ನೀರು ಕುಡಿಯಲಿ, ಓಆರ್‌ಎಸ್ ಪೊಟ್ಟಣ ಆಶಾ ಹತ್ತಿರ ಇರುತ್ತದೆ ಅಂತ ವಿಡಿಯೊದ ಮೊದಲಲ್ಲೇ ಹೇಳಿಬಿಡು.

ಮದ್ದೂರಿನ ಹಳೇ ವರದಿಗಾರ

ಲ್ಯಾಬ್ ವರದಿ ಕೊಡುವುದಿಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು ತಮ್ಮ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯಲ್ಲಿ ಕೊಡಬೇಕು ಅಂತ 2005ರ ಕಾಯ್ದೆಯಲ್ಲೇ ಇದೆ. ಕುಡಿಯುವ ನೀರು ಅಂತ ಅರ್ಜಿಯ ಮೇಲೆ ಸ್ಪಷ್ಟವಾಗಿ ಬರಿ. ವಿಡಿಯೊ ಹಾಕುವ ಮುಂಚೆ ಸ್ಕ್ರಿಪ್ಟ್ ನನಗೆ ಕಳಿಸು, ನೋಟಿಸ್ ಬರುವಂಥ ಮಾತು ಇದ್ದರೆ ತಿದ್ದಿಕೊಡುತ್ತೇನೆ. ನನಗೆ ದುಡ್ಡು ಬೇಡ.

ಪಾಂಡವಪುರದ ರೈತ

ಈಗ ಹೋಗಿ ನೋಡಿ ಬಂದೆ. ನಮ್ಮೂರ ಟ್ಯಾಂಕ್ ಮೇಲೆ ಯಾವ ದಿನಾಂಕವೂ ಇಲ್ಲ. ಕಿಟ್ ತರಬೇತಿ ಆದವರಲ್ಲಿ ಇಬ್ಬರ ಮನೆ ಗೊತ್ತಾಯಿತು, ಕಿಟ್ ಅಂಗನವಾಡಿಯಲ್ಲಿ ಇದೆಯಂತೆ. ಯೂಟ್ಯೂಬ್ ತಮ್ಮ, ಭಾನುವಾರ ಬಿಡುವಿದ್ದರೆ ಬಾ, ಮನೆಯಲ್ಲೇ ಊಟ.